ಆಷಾಢದಲ್ಲಿ ಬಿದ್ದ ಅಕ್ಕಿಕಾಳು

ಮೊದಲು ನಿಮ್ಮನ್ನೇ ಬೈಯಬೇಕು, ಕೇಳಿಸಿಕೊಳ್ಳಿ. ನಮ್ಮ ವಾಟ್ಸಾಪ್ ಗುಂಪಿನಲ್ಲಿ ಯಾರೋ ಬರೆದಿದ್ದಾರಂತೆ: ಚಂದ್ರಾಮಪ್ಪ ಮುತ್ಯಾನಿಗೆ, ಅಂದರೆ ನನಗೆ, ಮರೆವು ಬಂದಿದೆ, ಸೇಡಂ ಮಾತನ್ನು ಚಿತ್ತಾಪುರದ್ದು ಅನ್ನುತ್ತಾನೆ, ಅವನ ವಾಯ್ಸ್ ಕೇಳಿ ಹೊತ್ತು ಹಾಳು ಮಾಡಬೇಡಿ ಅಂತ. ಬರೆದವನು ಸಿದ್ದಣ್ಣ ಮಾಸ್ತರ ಅನ್ನುವುದೂ ನನಗೆ ಗೊತ್ತು. ಏನಪ್ಪಾ ಸಿದ್ದಣ್ಣ, ಹತ್ತನೆಯ ತರಗತಿ ಫೇಲಾಗಿ ನನ್ನ ಬಸ್ಸಿನ ಹಿಂದಿನ ಸೀಟಿನಲ್ಲಿ ಚಿಂಚೋಳಿಯವರೆಗೂ ಅತ್ತುಕೊಂಡು ಬಂದೆಯಲ್ಲ, ಅದು ನಿನಗೆ ನೆನಪಿದೆಯೋ, ನಾನೇ ನೆನಪು ಮಾಡಿಕೊಡಲೋ? ಸರ್ಕಾರಿ ಬಸ್ಸು ಓಡಿಸಿದವನ ತಲೆ ಇದು. ಯಾರು ಎಲ್ಲಿ ಹತ್ತಿದರು, ಯಾರ ಆಡು ಟಿಕೇಟಿಲ್ಲದೆ ಯಾವ ಸೀಟಿನ ಕೆಳಗೆ ಮಲಗಿ ಬಂತು, ಯಾವ ಹುಡುಗಿ ಯಾವ ಹುಡುಗನ ಪಕ್ಕ ಕೂಡಲು ಬೇಕೆಂದೇ ಒಂದು ಬಸ್ಸು ತಪ್ಪಿಸಿಕೊಂಡಳು, ಎಲ್ಲ ಕನ್ನಡಿಯಲ್ಲಿ ನೋಡಿದ್ದೇನೆ. ಮರೆತದ್ದೇನಾದರೂ ಇದ್ದರೆ ಬೇಕೆಂದೇ ಮರೆತದ್ದು.

ಅದೂ ಅಲ್ಲದೆ ಇದೇನು ನಿಜಾಮನ ಕಾಲದ ಮಾತಲ್ಲ. ಹೋದ ಆಷಾಢದ್ದು. ನಿಮ್ಮೆಲ್ಲರ ಫೋನಿನಲ್ಲೂ ಆ ವಿಡಿಯೋ ಇದೆ. ಬಾಸಿಂಗ ಕಟ್ಟಿದ ಹುಡುಗಿ, ಪಕ್ಕದಲ್ಲಿ ಶೇರವಾನಿ ಹಾಕಿದ ಗಂಡು, ಹಿಂದೆ ಮಿಂಚುವ ಗೋಡೆ, ಕೆಳಗೆ ಬಿಳಿ ಹೊಗೆ, ಮೇಲಿಂದ ಹಳದಿ ಅಕ್ಕಿ ಮಳೆಯಂತೆ ಸುರಿಯುತ್ತದೆ. 'ಸೇಡಂ ಮದುವೆ, ದೊಡ್ಡ ಊರಿಗೇನು ಕಡಿಮೆ' ಅಂತ ಮೇಲೆ ಬರೆದಿದೆ. ನೀವೂ ಕೆಂಪು ಹೃದಯ ಒತ್ತಿ 'ಜೋಡಿ ಮಸ್ತ್' ಅಂತ ಹಾಕಿದಿರಿ. ಆಮೇಲೆ ಅದೇ ಬೆರಳಿನಿಂದ ಬೇರೆ ಬೇರೆ ಮಾತು ಬರೆದಿರಿ. ಅದು ಮದುವೆ ಅಲ್ಲ. ನಾನು ಅಲ್ಲೇ ಇದ್ದೆ. ಏನಾಯಿತು ಅನ್ನುವುದನ್ನು ಬುಡದಿಂದ ಹೇಳುತ್ತೇನೆ. ನಡುನಡುವೆ ಕೆಮ್ಮು ಬಂದರೆ ಸಹಿಸಿಕೊಳ್ಳಿ.

ಹುಡುಗಿ ಮಳಖೇಡದವಳು, ರಾಧಿಕಾ. ಅಪ್ಪ ಬಸವಂತರಾಯ ಸಿಮೆಂಟ್ ಕಾರ್ಖಾನೆಯಲ್ಲಿ ಪಾಳಿ ಕೆಲಸ ಮಾಡುತ್ತಾನೆ. ತಾಯಿ ದಾನಮ್ಮ. ಹುಡುಗಿ ಬಿ.ಎ. ಮುಗಿಸಿ ಮನೆಯಲ್ಲೇ ರವಿಕೆ ಹೊಲಿಯುತ್ತಾಳೆ. ಬರೀ ಹೊಲಿಗೆಯಲ್ಲ, ಚೌಕಟ್ಟಿಗೆ ಬಟ್ಟೆ ಬಿಗಿದು ಸೂಜಿಯಿಂದ ಮಣಿ, ಜರಿ ಕೂಡಿಸುವ ಕೆಲಸ. ಸುತ್ತಲಿನ ಮದುಮಗಳಂದಿರ ರವಿಕೆಯೆಲ್ಲ ಅವಳ ಕೈಯಲ್ಲೇ ಆಗುತ್ತಿತ್ತು. ಗಂಡು ಚಿಂಚೋಳಿಯ ಆನಂದಕುಮಾರ, ಬೀಜ ಗೊಬ್ಬರದ ಅಂಗಡಿ. ಅವನ ತಾಯಿ ಜಗದೇವಿ. ತಂದೆಯೂ ಇದ್ದಾನೆ, ಆದರೆ ಹೂಂ ಅನ್ನುವುದಕ್ಕಷ್ಟೇ ಬಾಯಿ ತೆರೆಯುವ ಮನುಷ್ಯ, ಅವನನ್ನು ಲೆಕ್ಕಕ್ಕೆ ಹಿಡಿಯಬೇಡಿ. ಎರಡೂ ಮನೆ ನನಗೆ ಗುರುತು. ನಡುವೆ ನಿಂತು ಮಾತು ಕೂಡಿಸಿದವನು ನಾನೇ. ಸೀರೆ ಉಡಿಸಿ ಕುಂಕುಮ ಹಚ್ಚಿದ್ದೂ ಆಯಿತು. ದೀಪಾವಳಿ ಮುಗಿದ ಮೇಲೆ ಮದುವೆ ಅಂತ ನಿಶ್ಚಯವಾಯಿತು. ಹುಡುಗ ಹುಡುಗಿ ದಿನಾ ಫೋನಿನಲ್ಲಿ ಮಾತಾಡುತ್ತಿದ್ದರು. ರಾಧಿಕಾ ತನ್ನ ಮದುವೆಯ ರವಿಕೆಯ ತೋಳಿಗೆ ತಾನೇ ನವಿಲು ಕೂಡಿಸುತ್ತಿದ್ದಳು. ನಾನು ಹೋದಾಗ ಚೌಕಟ್ಟಿನ ಮೇಲೆ ಬಟ್ಟೆ ಮುಚ್ಚಿಬಿಡುತ್ತಿದ್ದಳು. ನಾಚಿಕೆ.

ಆಷಾಢದಲ್ಲಿ ನಮ್ಮ ಕಡೆ ಮದುವೆ ಇಲ್ಲವಲ್ಲ, ಕಲ್ಯಾಣ ಮಂಟಪಗಳು ಖಾಲಿ ಹೊಡೆಯುತ್ತವೆ. ಅದಕ್ಕೆ ಯಾರೋ ಬುದ್ಧಿವಂತರು ಸೇಡಂನ ಒಂದು ಮಂಟಪದಲ್ಲಿ ಮದುವೆ ಮೇಳ ಇಟ್ಟರು. ಮದುವೆಗೆ ಬೇಕಾದವರೆಲ್ಲ ಒಂದೇ ಕಡೆ ಅಂಗಡಿ ಹಾಕಿ ಕುಳಿತುಕೊಳ್ಳುವುದು, ನಾವು ಸುತ್ತಾಡಿ ಪಸಂದ ಮಾಡುವುದು. ಜಗದೇವಿಗೆ ಅದು ಗೊತ್ತಾಗಿದ್ದೇ ತಡ, ನನಗೆ ಫೋನು.

"ಕಾಕಾ, ಹುಡುಗೀನ್ನ ಕರ್ಕೊಂಡು ಸೇಡಂಕ ಬರ್ರಿ. ಎಲ್ಲಾ ಅಲ್ಲೇ ನೋಡಿ ಪಕ್ಕಾ ಮಾಡಿಬಿಡೂಣು."

"ನೋಡೂದೇನದ ತಂಗಿ? ಹಂದರ ಹಾಕ್ತೀವಿ, ಹುಗ್ಗಿ ಮಾಡ್ತೀವಿ, ನಾಕು ಅಕ್ಕಿಕಾಳು ಹಾಕ್ತೀವಿ. ಮುಗೀತಲಾ."

"ಅದೆಲ್ಲಾ ನಿಮ್ಮ ಕಾಲದ್ದು ಕಾಕಾ. ನನಗ ಒಬ್ಬನೇ ಮಗ ಅದಾನ. ಚಿಂಚೋಳಿ ಮಂದಿ ಇನ್ನೂ ಹತ್ತು ವರ್ಷ ಅಂಥ ಮದುವಿ ಆಗಿಲ್ಲ ಅನಬೇಕು. ಮಳಖೇಡ ಕೋಟ್ಯಾಗ ಇಬ್ಬರದೂ ಮೊದಲ ಫೋಟೋ ತೆಗಸಬೇಕಂತ ಅದ."

"ಆ ಕೋಟ್ಯಾಗ ನಾವು ತಪ್ಪಿಸ್ಕೊಂಡ ಎಮ್ಮಿ ಹುಡುಕಾಕ ಹೋಗ್ತಿದ್ವಿ."

"ಎಮ್ಮಿ ಫೋಟೋ ತೆಗಸಾಂಗಿಲ್ಲ ಬಿಡ್ರಿ, ಹೆದರಬ್ಯಾಡ್ರಿ" ಅಂದಳು. ಮಾತಿಗೆ ಮಾತು ಕೊಡುವವಳು. ನನಗೂ ನಗು ಬಂತು. ಹೋದೆವು. ಹುಡುಗಿಯ ಕಡೆಯಿಂದ ರಾಧಿಕಾ, ದಾನಮ್ಮ, ನಾನು. ಬಸವಂತರಾಯನಿಗೆ ಪಾಳಿ ಇತ್ತು. ಆ ಕಡೆಯಿಂದ ಜಗದೇವಿ, ಆನಂದಕುಮಾರ.

ಹೊರಗೆ ಮಳೆ ಹಿಡಿದಿತ್ತು. ಮಂಟಪದ ಪಡಸಾಲೆಯಲ್ಲಿ ಶಹಾಬಾದದ ಶೌಕತ ಅಲಿ ತನ್ನ ಬ್ಯಾಂಡಿನವರನ್ನು ಸಾಲಾಗಿ ನಿಲ್ಲಿಸಿಕೊಂಡು ನಿಂತಿದ್ದ. ಕೆಂಪು ಕೋಟು, ಭುಜಕ್ಕೆ ಬಂಗಾರದ ಜೂಲು. ಹಳೆಯ ಗೆಳೆಯ. ಅವನ ಡೊಳ್ಳು, ತುತ್ತೂರಿ ಎಲ್ಲ ನನ್ನ ಬಸ್ಸಿನ ಮೇಲೆಯೇ ಊರೂರು ತಿರುಗಿದ್ದು.

"ಒಳಗ ಬರಾಕ ಬಿಡವಲ್ರೇನೋ ಶೌಕತ?" ಅಂದೆ.

"ಒಳಗ ಡಬ್ಬಿ ಅವರದ್ದೇ ಅದ ಅಣ್ಣಾ, ಸೌಂಡ್ ಸಿಸ್ಟಂನವರದ್ದು. ನಮಗ ಹೊರಗ ನಿಂದ್ರು, ಮಂದಿ ನೋಡ್ಲಿ ಅಂದಾರ. ಇನ್ನೂ ಚಾ ಸೈತ ಕೊಟ್ಟಿಲ್ಲ ನೋಡು."

ಬಾಗಿಲಲ್ಲೇ ಒಬ್ಬಳು ಹುಡುಗಿ ಎಲ್ಲರ ಕೈಯಲ್ಲೂ ಸಣ್ಣ ಜಾಳಿಗೆ ಚೀಲ ಇಡುತ್ತಿದ್ದಳು. ಒಳಗೆ ಅರಿಶಿಣ ಹಚ್ಚಿದ ಅಕ್ಕಿ. ಮದುಮಕ್ಕಳ ಹೆಸರು ಅಚ್ಚು ಹಾಕಿಸಿ ಬಂದವರಿಗೆಲ್ಲ ಹಂಚುವ ಅಕ್ಷತೆ ಚೀಲವಂತೆ, ಅದು ಈಗಿನ ಹೊಸ ಪದ್ಧತಿಯಂತೆ, ನಮಗೆ ಮಾದರಿ. ಕೈಗೆ ಅಕ್ಕಿ ಕೊಟ್ಟರೆ ನಮ್ಮ ಮಂದಿ ಏನು ಮಾಡುತ್ತಾರೆ ಅಂತ ಆ ಹುಡುಗಿಗೂ ಗೊತ್ತಿರಲಿಲ್ಲ, ನಮಗೂ ಹೊಳೆಯಲಿಲ್ಲ.

ಒಳಗಿನ ದರ್ಬಾರು ಏನು ಹೇಳಲಿ. ಒಬ್ಬ ಡ್ರೋನಿನಿಂದ ಹಾರ ಇಳಿಸುತ್ತೇನೆ ಅನ್ನುತ್ತಾನೆ. ಇನ್ನೊಬ್ಬ ಹಳದಿ ಶಾಸ್ತ್ರಕ್ಕೆ ಹಳದಿ ಛತ್ರಿ, ಹಳದಿ ಸೈಕಲ್ಲು, ಹಳದಿ ಕುರ್ಚಿ ಬಾಡಿಗೆಗೆ ಕೊಡುತ್ತೇನೆ ಅನ್ನುತ್ತಾನೆ. ಅರಿಶಿಣವೊಂದು ಬಿಟ್ಟು ಎಲ್ಲ ಹಳದಿ ಇತ್ತು ಅಲ್ಲಿ. ಮೂಲೆಯಲ್ಲಿ ಒಬ್ಬ ನನ್ನ ಕೈ ಹಿಡಿದು ಕುಳ್ಳಿರಿಸಿದ.

"ಮುತ್ಯಾ, ಮದಿಮಗಳ ಎಂಟ್ರಿ ಹ್ಯಾಂಗ ಬೇಕ್ರಿ? ಡೋಲ್ಯಾಗೋ, ದೋಣ್ಯಾಗೋ?"

"ಮಂಟಪದಾಗ ದೋಣಿ? ನೀರೆಲ್ಲಿಂದ ತರ್ತೀಯೋ?"

"ನೀರ್ಯಾಕ್ರಿ? ಹೊಗಿ ಬಿಡ್ತೀವಿ. ಹೊಗಿ ಮ್ಯಾಲ ದೋಣಿ ತೇಲಿ ಬಂದಂಗ ಕಾಣ್ತದ."

"ಮಳಖೇಡದಾಗ ಖರೇ ನದಿನೇ ಅದಲ್ಲೋ ಮಗನ, ಖರೇ ದೋಣಿನೂ ಅದ."

"ನದ್ಯಾಗ ಎಲ್‌ಇಡಿ ಹತ್ತಾಂಗಿಲ್ರಿ" ಅಂದ. ಜಗದೇವಿ ನನ್ನನ್ನು ಪಕ್ಕಕ್ಕೆ ಸರಿಸಿ, ದೋಣಿ ಎಷ್ಟು ಉದ್ದ, ಅದರಲ್ಲಿ ಹುಡುಗನೂ ಹಿಡಿಸುತ್ತಾನೋ ಇಲ್ಲವೋ ಅಂತ ಕೇಳತೊಡಗಿದಳು.

ಅಷ್ಟರಲ್ಲಿ ವೇದಿಕೆ ಮೇಲಿಂದ ಮೈಕು. ಮೇಕಪ್ ಮಾಡುವ ಕರುಣಾ ಅನ್ನುವವಳು, ಯಾರಾದರೂ ಮದುವೆ ನಿಶ್ಚಯವಾದ ಹುಡುಗಿ ಬನ್ನಿ, ಪುಕ್ಕಟೆ ಪೂರ್ತಿ ಅಲಂಕಾರ ಮಾಡಿ ತೋರಿಸುತ್ತೇನೆ ಅಂತ ಕರೆದಳು. ಜಗದೇವಿ ದೋಣಿ ಬಿಟ್ಟು ತಿರುಗಿದಳು.

"ಏ ರಾಧಿಕಾ, ಹತ್ತು ಮ್ಯಾಲ. ನಿನ್ನ ಮಾರಿಗಿ ಹ್ಯಾಂಗ ಒಪ್ತದ ನೋಡೂಣು."

"ಬ್ಯಾಡ್ರಿ ಅತ್ತಿ. ಇಷ್ಟ ಮಂದ್ಯಾಗ…"

"ನಾಳಿ ಮದುವಿದಾಗ ಮಂದಿ ಇರಾಂಗಿಲ್ಲೇನು? ಖಾಲಿ ಮಂಟಪದಾಗ ಮಾಡ್ಕೋತೀ?"

ರಾಧಿಕಾ ತಾಯಿಯ ಮುಖ ನೋಡಿದಳು. ದಾನಮ್ಮ, "ಹೋಗವ್ವ, ಅತ್ತಿ ಹೇಳಾಕತ್ತಾರ" ಅಂದಳು. ಕುಂಕುಮ ಹಚ್ಚಿದ ಮೇಲೆ ಬೀಗಿತಿಯ ಮಾತು ತೆಗೆದುಹಾಕುವುದಕ್ಕೆ ನಮ್ಮ ಹೆಣ್ಣುಮಕ್ಕಳ ಬಾಯಿ ಬರುವುದಿಲ್ಲ. ಹುಡುಗಿ ಹತ್ತಿದಳು. ಪರದೆಯ ಹಿಂದೆ ಕುಳ್ಳಿರಿಸಿ ಮುಖಕ್ಕೆ ಬಳಿದರು, ಸೀರೆ ಉಡಿಸಿದರು, ಹಸಿರು ಬಳೆ ಏರಿಸಿದರು, ಕೊನೆಗೆ ಪರದೆ ಸರಿಸಿ ಎಲ್ಲರ ಮುಂದೆ ಹಣೆಗೆ ಬಾಸಿಂಗ ಕಟ್ಟಲು ಹೋದರು. ಆಗ ದಾನಮ್ಮ ಕೆಳಗಿನಿಂದ ಕೂಗಿದಳು.

"ಯವ್ವಾ, ಬಾಸಿಂಗ ಬ್ಯಾಡ! ಅದು ಅವತ್ತ ಕಟ್ಟೂದು!"

"ಆಂಟಿ, ಫುಲ್ ಲುಕ್ ಬರಬೇಕಂದ್ರ ಬೇಕ್ರಿ" ಅಂದಳು ಕರುಣಾ.

"ಇರಲಿ ಬಿಡ್ರಿ ಬೀಗ್ತಿ, ಫೋಟೋ ಚಂದ ಬರ್ತದ" ಅಂದಳು ಜಗದೇವಿ. ಈ ಮಾತು ನೆನಪಿಡಿ. ಯಾರು ಅಂದದ್ದು? ಜಗದೇವಿ.

ಆಮೇಲೆ ಗಂಡು ಬೇಕಲ್ಲ ಪಕ್ಕಕ್ಕೆ. ಮೈಕಿನಲ್ಲಿ ಕರೆದರು. ಎಲ್ಲರೂ ಆನಂದಕುಮಾರನನ್ನು ದೂಡಿದರು. ಅವನು ಕೆಂಪಗಾಗಿ, "ನಾ ಒಲ್ಲೆ, ಅಂಗಡಿ ಫೋನ್ ಬಂದದ" ಅಂತ ಹೊರಗೆ ನಡೆದುಬಿಟ್ಟ. ಫೋನು ಬಂದಿರಲಿಲ್ಲ. ಪಡಸಾಲೆಯಲ್ಲಿ ನಿಂತು ಡ್ರೋನು ಕೈಯಲ್ಲಿ ಹಿಡಿದು ತಿರುಗಿಸಿ ನೋಡುತ್ತಿದ್ದದ್ದನ್ನು ನಾನು ಕಿಟಕಿಯಿಂದ ಕಂಡೆ.

ಶೇರವಾನಿ ಬಾಡಿಗೆ ಕೊಡುವ ಅಂಗಡಿಯವರು ವಾಡಿಯ ಲಕ್ಷ್ಮಿಕಾಂತ ಅನ್ನುವವನನ್ನು ಬೆಳಗಿನಿಂದ ಶೇರವಾನಿ ತೊಡಿಸಿ ನಿಲ್ಲಿಸಿದ್ದರು, ಬಟ್ಟೆ ಮೈಮೇಲೆ ಹೇಗೆ ಕಾಣುತ್ತದೆ ಅಂತ ಮಂದಿ ನೋಡಲಿ ಎಂದು. ಹೆಂಡತಿ ಮಕ್ಕಳಿರುವ ಮನುಷ್ಯ. ಮಿರ್ಚಿ ಭಜಿ ತಿನ್ನುತ್ತಿದ್ದ. ಅವನನ್ನೇ ಎಬ್ಬಿಸಿದರು. ಕೈಯೊರೆಸಿಕೊಂಡು ಹೋಗಿ ರಾಧಿಕಾಳ ಪಕ್ಕದಲ್ಲಿ ನಿಂತ. ಅವನಿಗೂ ಬಾಸಿಂಗ ಕಟ್ಟಿದರು. ಹೊಗೆ ಬಿಡುವವನು ಹೊಗೆ ಬಿಟ್ಟ. ಗೋಡೆ ಹತ್ತಿಸುವವನು ಗೋಡೆ ಹತ್ತಿಸಿದ. ಎಲ್ಲರಿಗೂ ತಮ್ಮ ತಮ್ಮ ಸರಕು ತೋರಿಸುವ ಅವಸರ. ಆಗ ಸೌಂಡ್ ಸಿಸ್ಟಂನವನೂ ನಾನೇಕೆ ಸುಮ್ಮನಿರಲಿ ಅಂತ ತನ್ನ ಡಬ್ಬಿಯಲ್ಲಿ ಮಂಗಳಾಷ್ಟಕ ಹಚ್ಚಿದ.

ಅದೊಂದು ಶುರುವಾದದ್ದೇ ಮಂಟಪದ ಗದ್ದಲ ನಿಂತುಹೋಯಿತು. ಯಾರೂ ಸುಮ್ಮನಿರಿ ಅನ್ನಲಿಲ್ಲ, ತಾನೇ ನಿಂತಿತು. ಹೆಂಗಸರು ತಲೆ ಮೇಲೆ ಸೆರಗು ಎಳೆದುಕೊಂಡರು. ಗಂಡಸರು ಚಪ್ಪಲಿ ಬಿಟ್ಟು ಪಕ್ಕಕ್ಕೆ ಸರಿಸಿದರು. ಐಸ್‌ಕ್ರೀಂ ಮಾಡುವವನು ಕೈ ನಿಲ್ಲಿಸಿದ. ಹುಟ್ಟಿದಾಗಿನಿಂದ ಕೇಳಿದ ದನಿ ಅದು, ಕಿವಿಗೆ ಬಿದ್ದರೆ ಮೈ ತನ್ನಷ್ಟಕ್ಕೆ ತಾನೇ ಎದ್ದು ನಿಲ್ಲುತ್ತದೆ. ಎಲ್ಲರ ಬೆರಳೂ ಜಾಳಿಗೆ ಚೀಲದ ಗಂಟು ಬಿಚ್ಚುತ್ತಿದ್ದವು. ಡಬ್ಬಿಯೊಳಗಿನ ಅಯ್ಯನವರು 'ಸಾವಧಾನ' ಅಂತ ಎಳೆದರು ನೋಡಿ, ಇಡೀ ಮಂಟಪ ಕೈಯೆತ್ತಿ ಅಕ್ಕಿ ಬೀರಿತು. ಎಲ್ಲರಿಗಿಂತ ಮುಂದೆ ನಿಂತು ಎರಡೂ ಕೈಯಿಂದ ಹಾಕಿದವಳು ಜಗದೇವಿ. ನಾನು ಅವಳ ಪಕ್ಕದಲ್ಲೇ ಇದ್ದೆ. ಅಕ್ಕಿಕಾಳು ಬೀಳುವ ಹೊತ್ತಿಗೆ ಸರಿಯಾಗಿ ಹೊರಗಿದ್ದ ಶೌಕತನ ಬ್ಯಾಂಡು ಒಮ್ಮೆಲೇ ಭರ್ ಅಂತ ಎದ್ದಿತು. ಅವನಿಗೇನು ಗೊತ್ತು ಪಾಪ, ಸಾವಧಾನ ಕೇಳಿದರೆ ಬಾರಿಸುವುದು ಅವನ ಜನ್ಮದ ಕೆಲಸ.

ಮುಂದಿನ ಸಾಲಿನಿಂದ ಗುರುತಿಲ್ಲದ ಒಬ್ಬ ಮುದುಕಿ ವೇದಿಕೆ ಹತ್ತಿ ಹುಡುಗಿಯ ಗಲ್ಲ ಸವರಿ ಲಟಿಕೆ ಮುರಿದು, "ಗಂಡ ಹೆಂಡ್ತಿ ನೂರು ವರ್ಷ ಬಾಳ್ರಿ ನನ್ನಪ್ಪಾ" ಅಂದಳು. ಹಿರಿಯರು ಹಾಗೆ ಅಂದರೆ ನಾವೇನು ಮಾಡುತ್ತೇವೆ? ಬಗ್ಗುತ್ತೇವೆ. ಲಕ್ಷ್ಮಿಕಾಂತ ಬಗ್ಗಿದ. ರಾಧಿಕಾನೂ ಬಗ್ಗಿದಳು. ಇಬ್ಬರೂ ಕೂಡಿ ಮುದುಕಿಯ ಕಾಲು ಮುಟ್ಟಿದರು. ನೀವು ನೋಡಿದ ವಿಡಿಯೋ ಅಲ್ಲಿಗೆ ಮುಗಿಯುತ್ತದೆ.

ಮಂದಿ ಗೊಳ್ಳೆಂದು ನಕ್ಕರು. "ಆಗೇ ಬಿಡ್ತಲೋ ಮದುವಿ!" ಅಂತ ಯಾರೋ ಕೂಗಿದರು. ಲಕ್ಷ್ಮಿಕಾಂತನೂ ನಕ್ಕ. ರಾಧಿಕಾ ನಗಲಿಲ್ಲ. ಬಾಸಿಂಗದ ದಾರ ಬಿಚ್ಚಲು ಹಿಂದೆ ಕೈ ಹಾಕಿದರೆ ಗಂಟು ಬಿಗಿಯಾಗಿ ಬಿಚ್ಚುತ್ತಿರಲಿಲ್ಲ. ದಾನಮ್ಮ ಮೇಲೆ ಓಡಿ ಹೋಗಿ ಹಲ್ಲಿನಿಂದ ಕಡಿದು ಬಿಚ್ಚಿದಳು. ಜಗದೇವಿ ತನ್ನ ಅಂಗೈ ನೋಡಿಕೊಂಡಳು. ಅರಿಶಿಣ ಹತ್ತಿತ್ತು. ಸೆರಗಿನಿಂದ ಒರೆಸಿದಳು, ಮತ್ತೆ ನೋಡಿಕೊಂಡಳು. "ನಡೀರಿ ಕಾಕಾ, ಮಳಿ ಹೆಚ್ಚಾಗ್ತದ" ಅಂದಳು. ಅಷ್ಟೇ. ದೋಣಿಯ ಮಾತು ಮತ್ತೆ ಎತ್ತಲಿಲ್ಲ.

ಇದನ್ನು ಎರಡನೆಯ ವಾಯ್ಸ್ ಅಂತ ತಿಳಿಯಿರಿ, ಮೊದಲನೆಯದು ಬೆರಳು ಜಾರಿ ಅಲ್ಲಿಗೇ ನಿಮಗೆ ಹೋಗಿಬಿಟ್ಟಿತು.

ಮೇಳದವರು ಆ ವಿಡಿಯೋವನ್ನೇ ತಮ್ಮ ಜಾಹೀರಾತು ಮಾಡಿಕೊಂಡರು. ಸೇಡಂನಿಂದ ಚಿತ್ತಾಪುರ, ವಾಡಿ, ಶಹಾಬಾದ, ಊರೂರು ಸುತ್ತಿ ಚಿಂಚೋಳಿಗೂ ಹೋಯಿತು. ನಾನು ಕೋಲೂರಿಕೊಂಡು ಮೇಳ ನಡೆಸಿದವನ ಹತ್ತಿರ ಹೋದೆ.

"ತೆಗೀಯಪ್ಪಾ ಅದನ್ನ. ಹುಡುಗಿ ಮದುವಿ ನಿಶ್ಚಯ ಆಗ್ಯಾದ."

"ಮುತ್ಯಾ, ಎಷ್ಟ ಮಂದಿ ನೋಡ್ಯಾರ ಗೊತ್ತದೇನ್ರಿ? ಹುಡುಗಿಗಿ ಪುಕ್ಕಟ ಹೆಸರು ಬಂದದ. ಮಂದಿ ಹಿಂಥಾದ್ದಕ್ಕ ರೊಕ್ಕಾ ಕೊಡ್ತಾರ."

"ಆಕೀಗಿ ಹೆಸರು ಬ್ಯಾಡಾಗ್ಯಾದ."

"ನಾ ತೆಗದ್ರೂ ಮಂದಿ ಫೋನ್ಯಾಗ ಇರ್ತದಲ್ರಿ. ನೀವು ಚಾ ಕುಡೀರಿ" ಅಂದ. ಶೌಕತನ ಮಂದಿಗೆ ಕೊಡದ ಚಹಾ ನನಗೆ ಕೊಡಲು ಬಂದ. ನಾನು ಎದ್ದು ಬಂದೆ.

ಆನಂದಕುಮಾರ ಫೋನು ಎತ್ತುವುದು ಬಿಟ್ಟ. ರಾಧಿಕಾ ನನ್ನ ಮುಂದೆ ಅಂದಳು: "ಮುತ್ಯಾ, ಮೊದಲ ದಿನ ಅಂಗಡ್ಯಾಗ ಗಿರಾಕಿ ಅದಾರ ಅಂದ್ರು. ಮರದಿನ ಅಂಗಡ್ಯಾಗ ಗಿರಾಕಿ ಅದಾರ ಅಂದ್ರು. ಈ ಮಳಿಗಾಲದಾಗ ಚಿಂಚೋಳಿ ಮಂದಿ ಹೊಲದಾಗ ಗೊಬ್ಬರ ಬಿಟ್ರ ಬ್ಯಾರೇನೂ ಹಾಕಲ್ಲೇನ್ರಿ?" ಚೌಕಟ್ಟಿನ ಮೇಲೆ ನವಿಲು ಅರ್ಧಕ್ಕೆ ನಿಂತಿತ್ತು. ಆ ಹೊತ್ತು ಬಟ್ಟೆ ಮುಚ್ಚಲಿಲ್ಲ ಅವಳು.

ಶ್ರಾವಣ ಬಿದ್ದ ಮೇಲೆ ಚಿಂಚೋಳಿಯವರೇ ಹೇಳಿ ಕಳಿಸಿದರು, ಮಳಖೇಡಕ್ಕೆ ಬರುತ್ತೇವೆ, ಹಿರಿಯರು ಕೂಡಲಿ ಎಂದು. ಬಂದರು. ಜಗದೇವಿ, ಅವಳ ಹೂಂ ಅನ್ನುವ ಗಂಡ, ಆನಂದಕುಮಾರ, ಅವರ ಕಡೆಯ ನಾಲ್ವರು ಹಿರಿಯರು. ನಾನು ಶೌಕತ ಅಲಿಯನ್ನೂ ಕರೆಸಿದ್ದೆ. ಬಸವಂತರಾಯ ಪಾಳಿ ಬಿಟ್ಟು ಹೊಸ ಧೋತರ ಉಟ್ಟು ಕುಳಿತಿದ್ದ. ಚಹಾ ಕುಡಿದರು, ಲೋಟ ಕೆಳಗಿಟ್ಟರು. ಕೊನೆಗೆ ಶೌಕತನೇ ಎದ್ದ.

"ನೋಡ್ರಿ, ಬಾರಿಸಿದೋನು ನಾನು. ನಂದು ಗಲತಿ ಅದ, ಮಾಫ್ ಮಾಡ್ರಿ. ಆದ್ರ ಅದು ಮದುವಿ ಅಲ್ಲ. ಮದುವಿ ಆಗಿದ್ರ ನನ್ನ ಹುಡುಗರು ಊಟಾ ಮಾಡೇ ಬರ್ತಿದ್ರು. ಅವತ್ತ ಉಪಾಸ ಬಂದೀವಿ. ಊಟಾ ಇಲ್ಲದ ಮದುವಿ ನಾ ಇನ್ನೂ ನೋಡಿಲ್ಲ."

ಒಂದಿಬ್ಬರು ನಕ್ಕರು. ಆ ನಗುವಿನ ಬೆನ್ನು ಹಿಡಿದು ನಾನೂ ಅಂದೆ: "ಆಷಾಢದಾಗ ನಮ್ಮಲ್ಲಿ ಮದುವಿ ಮಾಡಾಂಗಿಲ್ಲ. ಮಾಡಿದ್ರೂ ಅದು ಮದುವಿ ಅಲ್ಲ ಅಂತ ನೀವೇ ಹೇಳ್ತೀರಿ. ಮುಹೂರ್ತ ಇಲ್ಲ, ತಾಳಿ ಇಲ್ಲ, ಅಯ್ಯನೋರು ಡಬ್ಬ್ಯಾಗ ಇದ್ರು. ಯಾವ ಲೆಕ್ಕದಾಗ ಹಿಡೀತೀರಿ ಅದನ್ನ?"

"ಆಷಾಢದಾಗ ಬಿದ್ದಿದ್ದು ಇನ್ನೂ ಕೆಟ್ಟ ಕಾಕಾ" ಅಂದಳು ಜಗದೇವಿ. ಜೋರಾಗಿ ಅನ್ನಲಿಲ್ಲ. ಕಣ್ಣಿನ ಕೆಳಗೆ ಕಪ್ಪಾಗಿತ್ತು, ನಿದ್ದೆ ಮಾಡಿರಲಿಲ್ಲ ಅಂತ ಕಾಣುತ್ತದೆ.

"ನೀನೇ ಹಾಕಿದ್ಯಲ್ಲ ತಂಗಿ, ಎರಡೂ ಕೈಲೆ! ನಾ ಬಾಜೂಕ ಇದ್ದೆ."

"ಹೂಂ, ನಾನೇ ಹಾಕೀನಿ. ಇಲ್ಲ ಅನಾಂಗಿಲ್ಲ. ಬ್ಯಾರೆಯವರು ಹಾಕಿದ್ರ ನಗಚಾಟಿಕಿ ಅಂತ ಬಿಡ್ತಿದ್ದೆ. ನನ್ನ ಸೊಸಿ ಮ್ಯಾಲ, ಪರ ಗಂಡಸಿನ ಬಾಜೂಕ ನಿಂತಾಗ, ನಾನೇ ಕಣ್ಣು ಮುಚ್ಚಿ ದೇವರ್ನ ನೆನಸಿ ಹಾಕೀನಿ. ಈಗ ಅದು ಅಕ್ಕಿಕಾಳೇ ಅಲ್ಲ ಅಂತ ಹ್ಯಾಂಗ ಅನ್ಲಿ? ಇನ್ನೊಮ್ಮಿ ಹಾಕಾಕ ನನ್ನ ಕೈ ಏಳಲ್ಲ."

ಅವಳು ಸುಳ್ಳು ಹೇಳುತ್ತಿರಲಿಲ್ಲ. ಅದೇ ನನಗೆ ಹೆಚ್ಚು ಸಿಟ್ಟು ಬರಿಸಿದ್ದು. ಸುಳ್ಳು ಹೇಳಿದ್ದರೆ ಹಿಡಿದು ಝಾಡಿಸಬಹುದಿತ್ತು.

ಆಮೇಲೆ ಅವರ ಕಡೆಯ ಹಿರಿಯನೊಬ್ಬ ಗಂಟಲು ಸರಿಮಾಡಿಕೊಂಡು ಒಂದು ದಾರಿ ಹೇಳಿದ. ಸಂಬಂಧ ಮುರಿಯುವುದು ಬೇಡ. ಹುಡುಗಿಯನ್ನು ಕರೆದುಕೊಳ್ಳುತ್ತೇವೆ. ಆದರೆ ಉಡಕಿ ಮಾಡಿಕೊಂಡು ಕರೆದುಕೊಳ್ಳುತ್ತೇವೆ.

ಗೊತ್ತಿಲ್ಲದವರಿಗೆ ಹೇಳುತ್ತೇನೆ. ಗಂಡ ಸತ್ತವಳು, ಗಂಡ ಬಿಟ್ಟವಳು ಇನ್ನೊಬ್ಬನ ಮನೆಗೆ ಹೋಗುವಾಗ ನಮ್ಮಲ್ಲಿ ಮಾಡುವುದು ಉಡಕಿ. ಹಂದರವಿಲ್ಲ, ಬಾಸಿಂಗವಿಲ್ಲ, ಬ್ಯಾಂಡಿಲ್ಲ, ಅಕ್ಕಿಕಾಳಿಲ್ಲ. ಸಂಜೆ ಮುಂದೆ ನಾಲ್ಕು ಮಂದಿ ಒಳಗೆ ಕುಳಿತು ಸೀರೆ ಉಡಿಸಿ ಕರೆದುಕೊಂಡು ಹೋಗುವುದು. ಅದು ಕೀಳು ಅಂತ ನಾನು ಅನ್ನುವುದಿಲ್ಲ, ಎಷ್ಟೋ ಹೆಣ್ಣುಮಕ್ಕಳ ಬಾಳು ಅದರಿಂದ ಹಸನಾಗಿದೆ. ಆದರೆ ಗಂಡನ ಮುಖವನ್ನೇ ಕಾಣದ ಹುಡುಗಿಗೆ ಉಡಕಿ? ದೋಣಿ ಬೇಕು, ಡ್ರೋನು ಬೇಕು ಅಂದವರೇ ಈಗ ಕದ ಹಾಕಿಕೊಂಡು ಮದುವೆ ಮಾಡೋಣ ಅನ್ನುತ್ತಾರೆ.

ದಾನಮ್ಮ ಅಡುಗೆ ಮನೆಯ ಬಾಗಿಲಿನಲ್ಲಿ ನಿಂತಿದ್ದಳು. "ನನ್ನ ಮಗಳಿಗಿ ಗಂಡ ಯಾವಾಗ ಸತ್ತಾನ್ರಿ ಬೀಗರ?" ಅಂದಳು. "ನನಗೂ ಹೇಳ್ರಿ, ನಾನೂ ಅಳ್ತೀನಿ."

ಆಗ ರಾಧಿಕಾ ಹೊರಗೆ ಬಂದಳು. ಯಾರೂ ಕರೆದಿರಲಿಲ್ಲ. ಹಿರಿಯರನ್ನು ದಾಟಿ ನೆಟ್ಟಗೆ ಹೋಗಿ ಆನಂದಕುಮಾರನ ಮುಂದೆ ನಿಂತಳು. ಅವನು ಕುಳಿತಲ್ಲೇ ಕಾಲು ಹಿಂದಕ್ಕೆಳೆದುಕೊಂಡ.

"ಅವತ್ತ ನಿಮ್ಮನ್ನ ಕರದ್ರಲಾ ಮ್ಯಾಲ. ಯಾಕ ಬರ್ಲಿಲ್ಲ?"

"ನಾಚಿಕಿ ಬಂತು."

"ನನಗ ಬಂದಿರ್ಲಿಲ್ಲೇನ್ರಿ?"

ಅವನು ತಾಯಿಯ ಕಡೆ ನೋಡಿದ. ಅವಳು ನೆಲ ನೋಡುತ್ತಿದ್ದಳು.

"ಅವರ ಕಡೀಗಿ ನೋಡಬ್ಯಾಡ್ರಿ. ನೀವು ಹೇಳ್ರಿ. ನಿಮಗ ನಾ ಕನ್ನಿ ಹೆಣ್ಣೋ, ಉಡಕಿ ಹೆಣ್ಣೋ?"

"ಏನಾದ್ರೇನದ ರಾಧಿಕಾ" ಅಂದ ಅವನು. ಕೆಟ್ಟ ಹುಡುಗನಲ್ಲ, ಮೆತ್ತಗೆ ಅಂದ. "ಅವ್ವನ ಮನಸ್ಸಿಗಿ ಸಮಾಧಾನ ಆಗ್ಲಿ. ಮಂದಿಗಿ ಗೊತ್ತಾಗಲಾರದಂಗ ಮಾಡ್ಕೊಂಡು ಬಿಡೂಣು. ಆಮ್ಯಾಲ ಯಾರು ಕೇಳ್ತಾರ?"

"ಸುಳ್ಳು ಮದುವಿ ನಾಕೂ ಊರಿಗಿ ಗೊತ್ತಾಗ್ಯಾದ. ಖರೇ ಮದುವಿ ಗೊತ್ತಾಗಬಾರದೇನ್ರಿ?"

ರಾಧಿಕಾ ಒಳಗೆ ಹೋಗಿ ಕುಂಕುಮದ ದಿನ ಅವರು ಉಡಿಸಿದ ಸೀರೆ ತಂದಳು, ಚೆನ್ನಾಗಿ ಮಡಿಚಿದ್ದಳು, ಜಗದೇವಿಯ ಮಡಿಲಲ್ಲಿ ಇಟ್ಟಳು. "ತಗೊಂಡು ಹೋಗ್ರಿ ಅತ್ತಿ" ಅಂದಳು. ಆಗಲೂ ಅತ್ತಿ ಅಂತಲೇ ಅಂದಳು. ಬಸವಂತರಾಯ ಎದ್ದು ನಿಂತು ಬೀಗರಿಗೆ ಕೈ ಮುಗಿದ. ಕೈ ಮುಗಿದವನು ಇಳಿಸಲೇ ಇಲ್ಲ, ಅವರು ಅಂಗಳ ದಾಟುವವರೆಗೂ ಹಾಗೆಯೇ ನಿಂತಿದ್ದ.

ಕಾರ್ತಿಕ ಕಳೆದ ಮೇಲೆ ಆನಂದಕುಮಾರನ ಮದುವೆ ಆಯಿತು, ಬೇರೆ ಹುಡುಗಿಯ ಜೊತೆ, ಅದೇ ಮಂಟಪದಲ್ಲಿ. ದೋಣಿ ಬಂತಂತೆ, ಹೊಗೆ ಬಂತಂತೆ. ಶೌಕತನ ಬ್ಯಾಂಡೇ ಬಾರಿಸಿತು. "ಹೊಟ್ಟಿ ಅದ ಅಣ್ಣಾ" ಅಂದ ನನಗೆ, ಮುಖ ತಿರುಗಿಸಿಕೊಂಡು. ಅವನನ್ನು ಏನನ್ನಲಿ? ಜಗದೇವಿಯ ಕೈ ಆ ಹೊತ್ತು ಎದ್ದಿತೋ ಇಲ್ಲವೋ ಅಂತ ಕೇಳಿದೆ. ಎದ್ದಿತಂತೆ.

ರಾಧಿಕಾಳಿಗೆ ಆಮೇಲೆ ಬಂದ ಸಂಬಂಧಗಳು ಎಂಥವು ಗೊತ್ತೇ? ಚಿತ್ತಾಪುರದಿಂದ ಒಬ್ಬ ಬಂದ, ತಲೆ ನರೆತವನು, ಬೆಳೆದ ಮಕ್ಕಳಿದ್ದಾರೆ. "ನಮದೇನೂ ಅಡ್ಡಿ ಇಲ್ರಿ, ನಂದೂ ಎರಡನೇದೇ ಅದ" ಅಂದ. ನಂದೂ! ಆ 'ಊ' ಕೇಳಿ ದಾನಮ್ಮ ಅವನಿಗೆ ಕೊಟ್ಟ ನೀರಿನ ಚೊಂಬು ವಾಪಸ್ಸು ಕಸಿದುಕೊಂಡಳು. ಮದುಮಗಳ ರವಿಕೆ ಹೊಲಿಯಲು ಕೊಟ್ಟಿದ್ದವರು ಒಬ್ಬೊಬ್ಬರೇ ಬಂದು ಬಟ್ಟೆ ವಾಪಸ್ಸು ಒಯ್ದರು, ಶುಭಕಾರ್ಯಕ್ಕೆ ಅವಳ ಕೈ ಬೇಡವಂತೆ. ಈಗ ಶಾಲೆ ಮಕ್ಕಳ ಅಂಗಿ ಚಡ್ಡಿ ಹೊಲಿಯುತ್ತಾಳೆ. ನೀರಿಗೆ ಹೋದರೆ, "ವಾಡಿಗಿ ಯಾವಾಗ ಹೋಗ್ತೀ ತಂಗಿ?" ಅಂತ ನಗುತ್ತಾರೆ. ಇನ್ನು ಆ ವಾಡಿಯ ಲಕ್ಷ್ಮಿಕಾಂತ? ಅವನ ತಲೆ ಮೇಲೂ ಅದೇ ಅಕ್ಕಿ ಬಿತ್ತಲ್ಲ? ಅವನನ್ನು ಯಾರೂ ಎರಡು ಮದುವೆಯವನು ಅನ್ನಲಿಲ್ಲ. ಶಹಾಬಾದದಲ್ಲಿ ಮೊನ್ನೆ ಇನ್ನೊಂದು ಮೇಳ ಆಯಿತು, ಅಲ್ಲಿ ಹೊಸ ಶೇರವಾನಿ ಹಾಕಿಕೊಂಡು ನಿಂತಿದ್ದನಂತೆ. ಜಗದೇವಿ ಹೆದರಿದ್ದು ಅಕ್ಕಿಗೆ ಅಂತ ನಾನು ಇಷ್ಟು ದಿನ ತಿಳಿದಿದ್ದೆ. ಅಕ್ಕಿಗೆ ಹೆಣ್ಣು ಗಂಡು ಗೊತ್ತಾಗುವುದಿಲ್ಲ. ನಿಮಗೆ ಗೊತ್ತಾಗುತ್ತದೆ.

ಇದನ್ನೆಲ್ಲ ಹೇಳುವ ಮೊದಲು ನಾನು ಮಳಖೇಡಕ್ಕೆ ಹೋಗಿ ಹುಡುಗಿಯನ್ನು ಕೇಳಿದೆ. ವಾಯ್ಸ್ ಹಾಕುತ್ತೇನೆ, ಆದರೆ ನಿನ್ನ ಹೆಸರು ಮುಚ್ಚಿಡುತ್ತೇನೆ ಅಂದೆ. ಅವಳು ಮಷಿನ್ ತುಳಿಯುವುದು ನಿಲ್ಲಿಸಲಿಲ್ಲ.

"ಮುಚ್ಚಬ್ಯಾಡ್ರಿ ಮುತ್ಯಾ. ವಿಡಿಯೋದಾಗ ನನ್ನ ಮಾರಿ ಅದ, ಹೆಸರಿಲ್ಲ. ಅದಕ್ಕ ಮಂದಿ ತಮಗ ಬೇಕಾದ ಹೆಸರಿಟ್ಟು ಕರಿಲಿಕತ್ತಾರ. ರಾಧಿಕಾ ಅಂತ ಹೇಳ್ರಿ. ಬಸವಂತರಾಯನ ಮಗಳು, ಮಳಖೇಡದಾಕಿ, ಇನ್ನೂ ಮದುವಿ ಆಗಿಲ್ಲ ಅಂತ ಹೇಳ್ರಿ."

ಹೇಳಿದೆ. ಈಗ ನಿಮ್ಮ ಕೆಲಸ. ಆ ವಿಡಿಯೋವನ್ನು ಯಾವ ಯಾವ ಗುಂಪಿಗೆ ಕಳಿಸಿದಿರೋ ಆ ಗುಂಪಿಗೆಲ್ಲ ಈ ಎರಡೂ ವಾಯ್ಸ್ ಕಳಿಸಿ. ಉದ್ದ ಆಯಿತು ಅಂತ ನಡುವೆ ಕತ್ತರಿಸಬೇಡಿ. ಕೇಳದವರು ಇದ್ದರೆ ಫೋನು ಜೋರಾಗಿ ಹಚ್ಚಿ ಕಟ್ಟೆ ಮೇಲೆ ಇಡಿ. ಚಿಂಚೋಳಿಯವರು ಯಾರಾದರೂ ಇದ್ದರೆ ಮೊದಲು ಜಗದೇವಿಗೆ ಕಳಿಸಿ. ನಾನು ಕಳಿಸಿದರೆ ಹೋಗುವುದಿಲ್ಲ, ನನ್ನ ನಂಬರನ್ನು ಅವಳು ಬ್ಲಾಕ್ ಮಾಡಿದ್ದಾಳೆ.